ಶೇಕಡಾವಾರು ಶೀನಪ್ಪ

ವಿದ್ಯುತ್ ಕಾರನ್ನು ಕೊಂಡಂದಿನಿಂದ ಶೀನಪ್ಪನ ಬಾಯಲ್ಲಿ ಶೇಕಡಾ ಲೆಕ್ಕವಿಲ್ಲದ ಮಾತೇ ಹೊರಡುತ್ತಿಲ್ಲ. “ಹೇಗಿದ್ದೀಯಪ್ಪಾ?” ಎಂದು ಮೇಷ್ಟ್ರು ಕೇಳಿದರೆ “ಎಪ್ಪತ್ತೆರಡು” ಎನ್ನುತ್ತಾನೆ. ಅದು ಬ್ಯಾಟರಿಯ ಲೆಕ್ಕವೋ ಅವನ ದೇಹಸ್ಥಿತಿಯ ಲೆಕ್ಕವೋ ಕೇಳಿದವರಿಗೆ ತಿಳಿಯುವುದಿಲ್ಲ. ಈಚೆಗೆ ಅವನಿಗೂ ತಿಳಿಯುತ್ತಿಲ್ಲವೆಂಬ ಗುಮಾನಿ ನನಗಿದೆ.

“ಪೆಟ್ರೋಲಿನ ಕಾಲ ಮುಗಿಯಿತು, ರಾಯರೇ” ಎಂದು ಅವನು ಅಂದೂ ಶುರುಮಾಡಿದನು. “ನಿಮ್ಮ ಎಂಜಿನ್ನು ಕುಡಿದ ಪೆಟ್ರೋಲಿನಲ್ಲಿ ಚಕ್ರಕ್ಕೆ ಮುಟ್ಟುವುದು ಕಾಲು ಭಾಗದ ಆಸುಪಾಸು, ಉಳಿದದ್ದೆಲ್ಲ ಶಾಖವಾಗಿ ಗಾಳಿಯ ಪಾಲು. ನನ್ನ ಮೋಟಾರು ತನಗೆ ಬಂದ ವಿದ್ಯುತ್ತಿನಲ್ಲಿ ನೂರಕ್ಕೆ ಎಂಬತ್ತೈದಕ್ಕೂ ಮಿಕ್ಕಿ ಚಲನೆಯಾಗಿಸುತ್ತದೆ. ಬ್ರೇಕು ಹಾಕಿದರೆ ಅದರಲ್ಲೂ ಒಂದಿಷ್ಟು ಬ್ಯಾಟರಿಗೆ ಮರಳುತ್ತದೆ.”

“ಕಾಲು ಭಾಗವೇ ಆಗಲಿ” ಎಂದರು ರಾಯರು. “ಒಂದು ಕಿಲೋ ಪೆಟ್ರೋಲಿನಲ್ಲಿ ಸುಮಾರು 12 ಯೂನಿಟ್‌ನಷ್ಟು ಶಕ್ತಿಯಿದೆ. ನಿನ್ನ ಕಾರಿನ ಬ್ಯಾಟರಿಯಲ್ಲಿ ಕಿಲೋಗೆ ಕಾಲು ಯೂನಿಟ್ ಹಿಡಿಯುವುದೂ ಕಷ್ಟ. ಅದಕ್ಕೇ ನೂರಾರು ಕಿಲೋ ಭಾರವನ್ನು ಹೊಟ್ಟೆಯ ಕೆಳಗೆ ಕಟ್ಟಿಕೊಂಡು ಓಡಾಡುತ್ತೀಯೆ.”

“ಒಬ್ಬರು ಮುಕ್ಕಾಲು ಪಾಲು ಚೆಲ್ಲುತ್ತಾರೆ, ಇನ್ನೊಬ್ಬನು ಬರಿಯ ಪಾತ್ರೆಯನ್ನೇ ಹೊತ್ತು ತಿರುಗುತ್ತಾನೆ” ಎಂದಳು ಪದ್ಮಕ್ಕ. “ಇಬ್ಬರ ಕೈಗೂ ಅಡುಗೆಮನೆ ಕೊಡಬಾರದು.”

ಮೇಷ್ಟ್ರಿಗೆ ಇತಿಹಾಸ ನೆನಪಾಯಿತು. ಅವರಿಗೆ ನೆನಪಾಗದ ದಿನವೇ ಇಲ್ಲ. ಗಂಟೆಗೆ ನೂರು ಕಿಲೋಮೀಟರ್ ವೇಗವನ್ನು ಮೊದಲು ದಾಟಿದ ಕಾರು ವಿದ್ಯುತ್ತಿನದೇ ಎಂದೂ, 1899ರಲ್ಲಿ ಬೆಲ್ಜಿಯಂನ ಕಮೀಲ್ ಜೆನಾಟ್ಸಿ ಅದನ್ನು ಓಡಿಸಿದನೆಂದೂ ಅವರು ವಿವರಿಸಿದರು. ಆಗಿನ ಪೆಟ್ರೋಲ್ ಕಾರನ್ನು ಎಬ್ಬಿಸಲು ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕಿತ್ತು, ಅದು ತಿರುಗಿ ಬಡಿದರೆ ಕೈ ಮುರಿಯುತ್ತಿತ್ತು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಬಂದಮೇಲೆ ಆ ಭಯವೂ ಹೋಯಿತು, ವಿದ್ಯುತ್ ಕಾರಿನ ಬೇಡಿಕೆಯೂ ಇಳಿಯುತ್ತ ಹೋಯಿತು.

“ಅಂದರೆ ಪೆಟ್ರೋಲ್ ಕಾರನ್ನು ಎಬ್ಬಿಸಲು ಹೋದ ವಿದ್ಯುತ್ ಮೋಟಾರು, ತನ್ನ ಮನೆಯವರನ್ನೇ ಮಲಗಿಸಿತು” ಎಂದಳು ಪದ್ಮಕ್ಕ.

“ಹಳೆಯದೆಲ್ಲ ಇರಲಿ, ದಾರಿಯಲ್ಲಿ ಚಾರ್ಜು ಮುಗಿದರೆ ಏನು ಗತಿ?” ಎಂದು ರಾಯರು ಪಟ್ಟು ಬಿಡಲಿಲ್ಲ.

“ಪೆಟ್ರೋಲ್ ಬಂಕುಗಳೇನು ಕಾರಿಗಿಂತ ಮೊದಲು ಹುಟ್ಟಿದ್ದವೇ?” ಎಂದರು ಮೇಷ್ಟ್ರು. “1888ರಲ್ಲಿ ಬೆರ್ಥಾ ಬೆಂಜ್ ಗಂಡನ ಕಾರಿನಲ್ಲಿ ಮಕ್ಕಳಿಬ್ಬರನ್ನು ಕೂರಿಸಿಕೊಂಡು ತವರಿಗೆ ಹೊರಟಾಗ, ಇಂಧನ ಸಿಕ್ಕಿದ್ದು ವೀಸ್‌ಲೋಖ್ ಎಂಬಲ್ಲಿನ ಔಷಧಿ ಅಂಗಡಿಯಲ್ಲಿ.”

“ಔಷಧಿಯೆಂದು ಶುರುವಾದದ್ದಕ್ಕೇ ಈಗ ಚಟವಾಗಿ ಕೂತಿದೆ” ಎಂದಳು ಪದ್ಮಕ್ಕ. ಆಮೇಲೆ ಶೀನಪ್ಪನ ಕಡೆಗೆ ತಿರುಗಿದಳು: “ನೀನು ಗೆದ್ದೆನೆಂದು ಹಿಗ್ಗಬೇಡ. ಪೆಟ್ರೋಲ್ ಕಾರು ಕೊಳ್ಳುವವನು ಎಲ್ಲಿಗೆ ಹೋಗಬೇಕೆಂದು ಯೋಚಿಸಿದರೆ ಸಾಕು. ನಿನ್ನ ಕಾರು ಕೊಳ್ಳುವವನು ಅದು ರಾತ್ರಿ ಎಲ್ಲಿ ಮಲಗುತ್ತದೆ ಎಂಬುದನ್ನು ಮೊದಲು ಯೋಚಿಸಬೇಕು. ನಿನಗೆ ಸ್ವಂತ ಮನೆ, ಸ್ವಂತ ಗೋಡೆ, ಗೋಡೆಯಲ್ಲಿ ಪ್ಲಗ್ಗು. ನೀನು ಗೊರಕೆ ಹೊಡೆಯುವಾಗ ಅದು ಚಾರ್ಜಾಗುತ್ತದೆ. ಮೂರನೆಯ ಮಹಡಿಯ ಬಾಡಿಗೆದಾರನು ಕಾರನ್ನು ಬೀದಿಯಲ್ಲಿ ನಿಲ್ಲಿಸಿ, ಕಿಟಕಿಯಿಂದ ವೈರು ಇಳಿಬಿಡಬೇಕೇ? ಗೋಡೆಯಿದ್ದವನು ಗೋಡೆಯಿಲ್ಲದವನಿಗೆ ಪರಿಸರದ ಪಾಠ ಹೇಳುವುದಿದೆಯಲ್ಲ, ನನಗೆ ಮೈ ಉರಿಯುವುದು ಅಲ್ಲಿ.”

ಶೀನಪ್ಪನು ಫಾಸ್ಟ್ ಚಾರ್ಜರಿನ ಮಾತೆತ್ತಿದನು. ಅಲ್ಲಿನ ದೃಶ್ಯವನ್ನು ನಾವೆಲ್ಲ ಕಂಡವರೇ. ಹತ್ತರಿಂದ ಎಂಬತ್ತರವರೆಗೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಸರಸರನೆ ಏರಿದ ಅಂಕೆ, ಅನಂತರ ಮೆಟ್ಟಿಲು ಹತ್ತುವ ಮುದುಕರಂತೆ ನಿಂತು ನಿಂತು ಏರುತ್ತದೆ. ತುಂಬುತ್ತ ಬಂದ ಬ್ಯಾಟರಿಗೆ ಬಲವಂತವಾಗಿ ವಿದ್ಯುತ್ ನುಗ್ಗಿಸಿದರೆ ಒಳಗೆ ಲಿಥಿಯಂ ಲೋಹವಾಗಿ ಮೆತ್ತಿಕೊಂಡು ಕೆಡುವುದರಿಂದ, ಕಾರೇ ವೇಗವನ್ನು ತಗ್ಗಿಸುತ್ತದೆ. ಇದು ಗೊತ್ತಿದ್ದೂ ಎಂಬತ್ತೊಂದಾಯಿತೇ ಎಂದು ಪರದೆಗೆ ಮೂಗು ತಾಗಿಸಿ ನಿಲ್ಲುವವನು ನಮ್ಮ ಶೀನಪ್ಪ. ಅವನ ಹಿಂದಿನ ಕಾರಿನವನು ಶೀನಪ್ಪನ ಬೆನ್ನಿಗೇ ಕಣ್ಣು ನೆಟ್ಟು ನಿಂತಿರುತ್ತಾನೆ.

“ನಾರ್ವೆಯನ್ನು ನೋಡಿ” ಎಂದು ಶೀನಪ್ಪನು ಕೊನೆಯ ಬಾಣ ತೆಗೆದನು. “2024ರಲ್ಲಿ ಅಲ್ಲಿ ಮಾರಾಟವಾದ ಹತ್ತು ಹೊಸ ಕಾರುಗಳಲ್ಲಿ ಸುಮಾರು ಒಂಬತ್ತು ವಿದ್ಯುತ್ತಿನವೇ.”

“ಅಲ್ಲಿ ವಿದ್ಯುತ್ತು ಬಹುಪಾಲು ನೀರಿನಿಂದ ಬರುತ್ತದೆ, ಕಾರಿಗೆ ತೆರಿಗೆಯ ರಿಯಾಯಿತಿ ವರ್ಷಾನುಗಟ್ಟಲೆ ಸಿಕ್ಕಿದೆ. ಕಲ್ಲಿದ್ದಲು ಸುಡುವ ಕಡೆ ಹೊಗೆಗೆ ವಿಳಾಸ ಬದಲಾಗುತ್ತದೆ, ಒಂದಿಷ್ಟು ಕಡಿಮೆಯೂ ಆಗಬಹುದು, ಮಾಯವಂತೂ ಆಗುವುದಿಲ್ಲ” ಎಂದು ಪದ್ಮಕ್ಕ ಒಂದೇ ಉಸಿರಿಗೆ ಮುಗಿಸಿದಳು.

ರಾಯರು ತಮ್ಮ ಪಕ್ಷಕ್ಕೆ ಬಲ ಬಂತೆಂದು ಹಿಗ್ಗುವರೆಂದುಕೊಂಡಿದ್ದೆವು. ಅವರು ಬೇರೆಯೇ ಮಾತಾಡಿದರು: “ನನ್ನ ತಂದೆಯ ಸ್ಕೂಟರು ತಿರುವಿನಲ್ಲಿ ಗೇರು ಬದಲಿಸಿದ ಸದ್ದು ಕೇಳಿದರೆ ಸಾಕು, ಮನೆಯಲ್ಲಿ ನಾವೆಲ್ಲ ಆಟ ಬಿಟ್ಟು ಪುಸ್ತಕ ಹಿಡಿಯುತ್ತಿದ್ದೆವು. ಈಗ ಮಗ ಕಾರಿನಲ್ಲಿ ಬಂದದ್ದು ಅವನು ಬಾಗಿಲು ತಟ್ಟಿದಾಗಲೇ ತಿಳಿಯುವುದು.”

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಶೀನಪ್ಪನೂ ಅಂಕೆ ಹೇಳಲಿಲ್ಲ.

“ಸದ್ದಿಗೆ ಕೊರತೆಯಿಲ್ಲ ಬಿಡಿ” ಎಂದರು ಮೇಷ್ಟ್ರು. “ಸದ್ದಿಲ್ಲದ ಕಾರು ಪಾದಚಾರಿಗಳಿಗೆ ಅಪಾಯವೆಂದು ಯುರೋಪಿನಲ್ಲಿ 2021ರಿಂದ ಹೊಸ ವಿದ್ಯುತ್ ಕಾರುಗಳೆಲ್ಲ ನಿಧಾನವಾಗಿ ಓಡುವಾಗ ಕೃತಕ ಸದ್ದು ಮಾಡಲೇಬೇಕು.”

“ಅದರ ಜೊತೆಗೆ ಒಂದಿಷ್ಟು ಹೊಗೆಯನ್ನೂ ಬಿಡುವಂತೆ ಮಾಡಿಕೊಟ್ಟರೆ, ರಾಯರೂ ನಾಳೆಯೇ ಒಂದು ಕೊಳ್ಳುತ್ತಾರೆ” ಎಂದಳು ಪದ್ಮಕ್ಕ.

ರಾಯರು ನಗಲಿಲ್ಲ. “ಕಪ್ಪು ಹೊಗೆ ಬೇಡ” ಎಂದರು, “ಬೆಳಿಗ್ಗೆ ಶುರುಮಾಡಿದಾಗ ಬರುತ್ತದಲ್ಲ, ಆ ಬಿಳಿಯದಾದರೆ ಸಾಕು.”