ಅಣ್ಣನನ್ನು ಕ್ಷಮಿಸಿದರೆ ಗೋಡೌನ್ ಬೀಗದ ಕೈಯನ್ನೂ ಕೊಡಲೇಬೇಕಾ?

ಸಕಲೇಶಪುರದವಳು:
ಎಲ್ಲರಿಗೂ ನಮಸ್ಕಾರ. ನಮ್ಮದು ಸಕಲೇಶಪುರದ ಕಡೆ ಸಣ್ಣ ಕಾಫಿ ತೋಟ. ಅಪ್ಪ ಹೋದ ಮೇಲೆ ಮನೆಯಲ್ಲಿ ಅಮ್ಮ, ಅಣ್ಣ, ನಾನು ಮೂರೇ ಜನ. ಅಣ್ಣನಿಗೆ ಕುಡಿತ. ಹೋದ ವರ್ಷ ಒಣಗಿಸಿಟ್ಟಿದ್ದ ಕರಿಮೆಣಸಿನ ಮೂಟೆಗಳನ್ನು ಯಾರಿಗೂ ಹೇಳದೆ ಮಾರಿಬಿಟ್ಟ. ಅದಕ್ಕೂ ಮುಂಚೆ ಅಮ್ಮನ ಬಳೆ ಅಡವಿಟ್ಟಿದ್ದ. ಪ್ರತಿ ಸಲ ಸಿಕ್ಕಿಬಿದ್ದಾಗಲೂ ಅಳುತ್ತಾನೆ, ಅಮ್ಮನ ಕಾಲು ಹಿಡಿಯುತ್ತಾನೆ, ಚರ್ಚಿನಲ್ಲಿ ಫಾದರ್ ಹತ್ತಿರ ಹೋಗಿ ಪಾಪನಿವೇದನೆ ಮಾಡಿ, ಅಂದರೆ ಮಾಡಿದ ತಪ್ಪು ಹೇಳಿಕೊಂಡು ಬರುತ್ತಾನೆ, ಸ್ವಲ್ಪ ದಿನ ಸರಿ ಇರುತ್ತಾನೆ, ಆಮೇಲೆ ಮತ್ತೆ ಅದೇ.

ಈಗ ತಪಸ್ಸು ಕಾಲ, ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು. ಅದರ ಮೊದಲ ದಿನ, ವಿಭೂತಿ ಬುಧವಾರ, ಹಣೆಗೆ ಬೂದಿ ಹಾಕಿಸಿಕೊಂಡು ಬಂದವನು, "ದೇವರೇ ಕ್ಷಮಿಸಿದ್ದಾರೆ, ನಿಂದೇನು? ಗೋಡೌನ್ ಬೀಗದ ಕೈ ಕೊಡು" ಅಂದ. ಈ ವರ್ಷದ ಮೆಣಸು ಇನ್ನೂ ಕಣದಲ್ಲಿ ಒಣಗುತ್ತಿದೆ. ಅಮ್ಮನೂ, ಏಳೆಪ್ಪತ್ತು ಸಲ ಕ್ಷಮಿಸು ಅಂತ ಯೇಸುಸ್ವಾಮಿ ಹೇಳಿದ್ದಾರೆ, ಕೊಟ್ಟುಬಿಡು ಅನ್ನುತ್ತಾರೆ. ನಾನು ಕೊಟ್ಟಿಲ್ಲ. ಆದರೆ ರಾತ್ರಿ ಪ್ರಾರ್ಥನೆಯಲ್ಲಿ "ನಾವು ಕ್ಷಮಿಸಿದಂತೆ ನಮ್ಮನ್ನೂ ಕ್ಷಮಿಸಿ" ಅನ್ನುವ ಸಾಲು ಬಂದಾಗ ಬಾಯಿ ಕಟ್ಟಿಹೋಗುತ್ತದೆ. ಬೀಗದ ಕೈ ಕೊಡದಿದ್ದರೆ ಕ್ಷಮಿಸಿಲ್ಲ ಅಂತ ಅರ್ಥವಾ? ತಿಳಿದವರು ಹೇಳಿ.

ಚಿಕ್ಕಮಗಳೂರು ಉಪದೇಶಿ:
ತಂಗಿ, ನಿಮ್ಮ ಅಮ್ಮ ಹೇಳಿದ್ದು ಬೈಬಲಿನ ಮತ್ತಾಯನ ಶುಭಸಂದೇಶ 18ನೇ ಅಧ್ಯಾಯದಲ್ಲಿದೆ. ಆದರೆ ಅದಕ್ಕೆ ಸ್ವಲ್ಪ ಮೇಲೆ, 15ನೇ ವಚನದಿಂದ ಓದಿ. ಸಹೋದರ ತಪ್ಪು ಮಾಡಿದರೆ ಮೊದಲು ಒಬ್ಬನೇ ಇದ್ದಾಗ ಹೋಗಿ ತಿಳಿಸಿ ಹೇಳು, ಕೇಳದಿದ್ದರೆ ಇನ್ನೊಬ್ಬಿಬ್ಬರನ್ನು ಕರೆದುಕೊಂಡು ಹೋಗು ಅಂತ ಇದೆ. ಇದನ್ನು ಹೇಳಿದ ಮೇಲೆಯೇ ಶಿಷ್ಯ ಪೇತ್ರ ಎಷ್ಟು ಸಲ ಕ್ಷಮಿಸಬೇಕು ಅಂತ ಕೇಳುವುದು. ಅಂದರೆ ತಪ್ಪನ್ನು ಮುಚ್ಚಿಡುವುದು ಕ್ಷಮೆ ಅಲ್ಲ.

ಪಾಪನಿವೇದನೆಯ ವಿಷಯ. ಫಾದರ್ ಹತ್ತಿರ ಹೇಳಿದ ತಕ್ಷಣ ಎಲ್ಲ ಮುಗಿಯಿತು ಅಂತ ನಮ್ಮಲ್ಲಿ ತುಂಬಾ ಜನ ತಿಳಿದುಕೊಂಡಿದ್ದಾರೆ, ಇದು ನನಗೆ ನಿಜಕ್ಕೂ ನೋವು ಕೊಡುವ ವಿಷಯ. ಮನಸ್ಸಿನಲ್ಲಿ ಪಶ್ಚಾತ್ತಾಪ ಬೇಕು, ಇನ್ನು ಮುಂದೆ ಮಾಡುವುದಿಲ್ಲ ಅನ್ನುವ ನಿರ್ಧಾರ ಬೇಕು, ಆದ ನಷ್ಟವನ್ನು ಕೈಲಾದಷ್ಟು ತುಂಬಿಕೊಡಬೇಕು. 1992ರಲ್ಲಿ ಬಂದ ಕಥೋಲಿಕ ಧರ್ಮಸಭೆಯ ಕ್ಯಾಟೆಕಿಸಂ, ಅಂದರೆ ಧರ್ಮಬೋಧೆಯ ಪುಸ್ತಕದ 1459ನೇ ಪರಿಚ್ಛೇದ ನೋಡಿ. ಕದ್ದದ್ದನ್ನು ಹಿಂದಿರುಗಿಸುವುದನ್ನು ಅಲ್ಲಿ ಉದಾಹರಣೆಯಾಗಿಯೇ ಕೊಟ್ಟಿದ್ದಾರೆ. ಅಣ್ಣ ಅಮ್ಮನ ಬಳೆ ಬಿಡಿಸಿಕೊಡುವ ಮಾತು ಎತ್ತಿದ್ದಾರಾ?

ಹಾಸನದ ಅಕ್ಕ:
ನಾವು ಪ್ರೊಟೆಸ್ಟೆಂಟ್ ಸಭೆಯವರು. ಉಪದೇಶಿಗಳು ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಬಳೆ ಬಂದ ಮೇಲೆ ಕ್ಷಮಿಸುತ್ತೇನೆ ಅಂದರೆ ಅದು ವ್ಯಾಪಾರ ಆಗುತ್ತದೆ ಅಲ್ವಾ? ಬೈಬಲಿನಲ್ಲಿ ಸುಂಕ ವಸೂಲಿಯ ಜಕ್ಕಾಯ ಮೋಸ ಮಾಡಿದ್ದನ್ನು ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂದದ್ದು, ಯೇಸು ಅವನ ಮನೆಗೆ ಬರುತ್ತೇನೆ ಅಂತ ಹೇಳಿದ ಮೇಲೆ. ಮೊದಲು ಕೃಪೆ, ಆಮೇಲೆ ಬದಲಾವಣೆ. ಅದೇ ಮತ್ತಾಯ 18ರಲ್ಲಿ ಮುಂದೆ 10,000 ತಲಾಂತು ಸಾಲದ ಕಥೆ ಬರುತ್ತದೆ. ತಲಾಂತು, ದಿನಾರಿ ಎರಡೂ ಆ ಕಾಲದ ಹಣದ ಲೆಕ್ಕ. ಒಂದು ತಲಾಂತಿಗೆ 6,000 ದಿನಾರಿ, ಒಂದು ದಿನಾರಿ ಒಂದು ದಿನದ ಕೂಲಿ. ಲೆಕ್ಕ ಹಾಕಿದರೆ 6 ಕೋಟಿ ದಿನದ ಕೂಲಿ. ಅಷ್ಟು ಸಾಲವನ್ನು ಅರಸನಿಂದ ಮನ್ನಾ ಮಾಡಿಸಿಕೊಂಡವನು 100 ದಿನಾರಿ ಸಾಲದವನ ಕುತ್ತಿಗೆ ಹಿಡಿಯುತ್ತಾನೆ. ಆ 100 ದಿನದ ಕೂಲಿಯೂ ಸಣ್ಣದಲ್ಲ, ತೋಟದಲ್ಲಿ ಕೆಲಸ ಮಾಡುವವರನ್ನು ಕೇಳಿ. ನಿಮಗಾದ ನಷ್ಟ ಸಣ್ಣದು ಅಂತ ಯಾರೂ ಹೇಳುತ್ತಿಲ್ಲ ಅಮ್ಮಾ. ಆದರೂ ಮನಸ್ಸಿನಿಂದ ಇವತ್ತೇ ಬಿಟ್ಟುಬಿಡಿ.

ಬೀಗದ ಕೈ ಬೇರೆ ವಿಷಯ. ಬೈಬಲಿನ ಯೋಸೇಫನನ್ನು ನೆನೆಸಿಕೊಳ್ಳಿ, ಅಣ್ಣಂದಿರೇ ಅವನನ್ನು ಗುಲಾಮನಾಗಿ ಮಾರಿದ್ದರು. ಆಮೇಲೆ ಅವನು ಅಧಿಕಾರಿಯಾಗಿದ್ದ ಐಗುಪ್ತಕ್ಕೆ (ಈಜಿಪ್ಟಿಗೆ) ಅವರು ಧಾನ್ಯಕ್ಕೆ ಬಂದಾಗ ಮರೆಯಲ್ಲಿ ಹೋಗಿ ಅಳುತ್ತಾನೆ, ಅವರ ಚೀಲ ತುಂಬಿಸಿ ದುಡ್ಡನ್ನೂ ಅದರಲ್ಲೇ ಇಡಿಸುತ್ತಾನೆ, ಆದರೆ ತಾನು ಯಾರು ಅಂತ ಹೇಳುವುದಿಲ್ಲ. ಕೊನೆಯ ತಮ್ಮ ಬೆನ್ಯಾಮೀನನ ಚೀಲದಲ್ಲಿ ಬೆಳ್ಳಿ ಬಟ್ಟಲು ಇಡಿಸಿ ನೋಡುತ್ತಾನೆ. ಹಿಂದೆ ಯೋಸೇಫನನ್ನು ಮಾರಿಬಿಡೋಣ ಅಂದಿದ್ದ ಅಣ್ಣ ಯೆಹೂದನೇ ಈಗ, ತಮ್ಮನ ಬದಲು ನಾನು ಗುಲಾಮನಾಗುತ್ತೇನೆ ಅಂತ ಮುಂದೆ ಬರುತ್ತಾನೆ. ಆಗ ಯೋಸೇಫ ಬಾಯಿ ಬಿಡುತ್ತಾನೆ. ಪ್ರೀತಿ ಮೊದಲಿನಿಂದ ಇತ್ತು. ನಂಬಿಕೆಗೆ ಸಮಯ ಹಿಡಿಯಿತು.

ನರ್ಸ್, ಬೇಲೂರು:
ಮೇಲಿನವರು ಇಬ್ಬರೂ ಪಾಪದ ಬಗ್ಗೆ ಮಾತಾಡಿದ್ದೀರಿ, ಒಪ್ಪುತ್ತೇನೆ. ಆದರೆ ಕುಡಿತ ಕಾಯಿಲೆಯೂ ಹೌದು. ಅಣ್ಣ ಅಳುವುದು ನಾಟಕ ಅಂತ ನನಗೆ ಅನ್ನಿಸುವುದಿಲ್ಲ, ತುಂಬಾ ಜನ ನಿಜವಾಗಿಯೇ ಅಳುತ್ತಾರೆ, ಅಳು ಮಾತ್ರ ಸಾಲುವುದಿಲ್ಲ ಅಷ್ಟೇ. ಜಾಸ್ತಿ ಕುಡಿಯುವವರು ತಪಸ್ಸು ಕಾಲ ಅಂತ ಏಕಾಏಕಿ ಬಿಟ್ಟರೆ ಕೈ ನಡುಕ, ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಹಾಸನದ ದೊಡ್ಡಾಸ್ಪತ್ರೆಯಲ್ಲಿ ಮಾನಸಿಕ ರೋಗದ ಡಾಕ್ಟರಿಗೆ ತೋರಿಸಿ, ಔಷಧಿ ಕೊಟ್ಟು ನಿಧಾನವಾಗಿ ಬಿಡಿಸುತ್ತಾರೆ. ಆಮೇಲೆ ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್) ಗುಂಪಿಗೆ ಹೋಗಲಿ, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಗುಂಪು ಅದು. 1935ರಲ್ಲಿ ಅಮೆರಿಕದಲ್ಲಿ ಶುರುವಾದದ್ದು, 12 ಹೆಜ್ಜೆ ಇವೆ. 8ನೆಯದು ಯಾರ್ಯಾರಿಗೆ ಕೆಟ್ಟದ್ದು ಮಾಡಿದೆ ಅಂತ ಪಟ್ಟಿ ಮಾಡುವುದು, 9ನೆಯದು ಅವರ ಹತ್ತಿರ ಹೋಗಿ ಸರಿಮಾಡುವುದು.

ನೀವು ಬಾಯಿ ಕಟ್ಟುತ್ತದೆ ಅಂದ ಪ್ರಾರ್ಥನೆಯಲ್ಲಿ ಅದರ ಮುಂದಿನ ಸಾಲು ಯಾವುದು ಹೇಳಿ? ನಮ್ಮನ್ನು ಶೋಧನೆಗೆ ಒಳಪಡಿಸಬೇಡಿ ಅಂತ. ಶೋಧನೆ ಅಂದರೆ ತಪ್ಪಿಗೆ ಎಳೆಯುವ ಆಸೆ. ಕುಡಿತ ಬಿಡಲು ಒದ್ದಾಡುವವನ ಕೈಗೆ ಮೆಣಸಿನ ಗೋಡೌನ್ ಕೊಡುವುದು ಅವನನ್ನೇ ಶೋಧನೆಗೆ ತಳ್ಳಿದ ಹಾಗೆ. ಬೀಗದ ಕೈ ಕೊಡದೆ ಇರುವುದೂ ಅವನ ಒಳ್ಳೆಯದಕ್ಕೇ.

ಸಕಲೇಶಪುರದವಳು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆ ಮುಂದಿನ ಸಾಲನ್ನು ನಾನು ಹೀಗೆ ಯೋಚಿಸಿಯೇ ಇರಲಿಲ್ಲ. ಉಪದೇಶಿ ಅಣ್ಣಾ, ಬಳೆಯ ಮಾತು ಅವನು ಎತ್ತಿಲ್ಲ. ಇನ್ನೊಬ್ಬರನ್ನು ಕರೆದುಕೊಂಡು ಹೋಗಿ ಮಾತಾಡು ಅಂದಿರಿ, ಅಮ್ಮನಿಗೆ ಊರವರಿಗೆ ಗೊತ್ತಾದರೆ ಮರ್ಯಾದೆ ಹೋಗುತ್ತದೆ ಅನ್ನುವ ಭಯ.

ಚಿಕ್ಕಮಗಳೂರು ಉಪದೇಶಿ:
ಊರಿಗೆಲ್ಲ ಹೇಳುವುದು ಬೇಡ ತಂಗಿ. ಅಣ್ಣ ಯಾರ ಮಾತು ಕೇಳುತ್ತಾರೋ ಅಂಥ ಒಬ್ಬರು ಸಾಕು, ಸೋದರಮಾವ ಇದ್ದರೆ ಅವರೇ ಆಗಲಿ. ಕುಡಿದಿಲ್ಲದ ಹೊತ್ತು ನೋಡಿ, ಬೆಳಿಗ್ಗೆ ಮಾತಾಡಿ. ಕ್ಷಮಿಸಿದ್ದೇನೆ ಅನ್ನುವ ಮಾತನ್ನೇ ಮೊದಲು ಹೇಳಿ, ಬೀಗದ ವಿಷಯ ಆಮೇಲೆ.

ಸಕಲೇಶಪುರದವಳು:
ಮಾವ ಆಲೂರಿನಲ್ಲಿದ್ದಾರೆ, ಭಾನುವಾರ ಪೂಜೆ ಮುಗಿಸಿ ಬರಲು ಹೇಳುತ್ತೇನೆ. ಮೆಣಸು ಮಾರುವಾಗ ಅಣ್ಣನೂ ಜೊತೆಗೆ ಬರಲಿ, ದುಡ್ಡು ಮಾತ್ರ ಅಮ್ಮನ ಖಾತೆಗೆ ಹೋಗಲಿ ಅಂದುಕೊಂಡಿದ್ದೇನೆ. ನರ್ಸ್ ಅಕ್ಕಾ, ಆಸ್ಪತ್ರೆಗೆ ಅವನನ್ನು ಒಪ್ಪಿಸಿ ಕರೆತರಲು ಆಗದಿದ್ದರೆ ಮೊದಲು ನಾನೊಬ್ಬಳೇ ಬಂದು ಡಾಕ್ಟರ್ ಹತ್ತಿರ ಮಾತಾಡಬಹುದಾ?

ನರ್ಸ್, ಬೇಲೂರು:
ಖಂಡಿತ ಬನ್ನಿ. ಮನೆಯವರು ಮೊದಲು ಬರುವುದು ಮಾಮೂಲಿ. ಎಷ್ಟು ವರ್ಷದಿಂದ ಕುಡಿಯುತ್ತಿದ್ದಾರೆ, ದಿನಕ್ಕೆ ಎಷ್ಟು, ಹಿಂದೆ ಬಿಟ್ಟಾಗ ನಡುಕ ಬಂದಿತ್ತಾ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ.