ಅಪ್‌ಡೇಟ್: ಕಾಫಿಪುಡಿ ವ್ಯಾಪಾರಕ್ಕೆ ನೆರವಾದ ಪುಸ್ತಕ

ಚಿಕ್ಕಮಗಳೂರಿನಲ್ಲಿ ಕಾಫಿಪುಡಿ ವ್ಯಾಪಾರ ಆರಂಭಿಸಿರುವ ನಾನು, ವ್ಯವಹಾರಜ್ಞಾನಕ್ಕಾಗಿ ಯಾವ ಪುಸ್ತಕ ಓದಬೇಕೆಂದು ಹದಿನೈದು ದಿನಗಳ ಹಿಂದೆ ಕೇಳಿದ್ದೆ. ನೀವು ಸೂಚಿಸಿದವುಗಳಲ್ಲಿ ಮ್ಯಾನೇಜ್‌ಮೆಂಟ್ ಪುಸ್ತಕಗಳೆರಡು ದೊಡ್ಡ ಕಂಪನಿಗಳಿಗೆ ಹೊಂದುವಂಥವು. ನನಗೆ ಉಪಯೋಗಕ್ಕೆ ಬರಲಿಲ್ಲ. ನನ್ನ ಕೈಹಿಡಿದದ್ದು ಪಕ್ಕದ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಆತ್ಮಕಥೆ ‘ಸಿಂಪ್ಲಿ ಫ್ಲೈ’. ಅವರು 2003ರಲ್ಲಿ ಅಗ್ಗದ ದರದ ವಿಮಾನಯಾನ ಸಂಸ್ಥೆ ಏರ್ ಡೆಕ್ಕನ್ ಆರಂಭಿಸಿದ ಕಥೆಗಾಗಿ ಅದನ್ನು ತೆರೆದೆನಾದರೂ, ನಿಜಕ್ಕೂ ಕಲಿಸಿದ್ದು ಅದಕ್ಕೂ ಮೊದಲು ಅವರು ಹಳ್ಳಿಯಲ್ಲಿ ರೇಷ್ಮೆ ಬೆಳೆಯುತ್ತಾ ದುಬಾರಿ ರಾಸಾಯನಿಕಗಳನ್ನು ಬಿಟ್ಟು ಸಹಜ ಕೃಷಿಗೆ ಹೊರಳಿದ ಭಾಗ. ಅದನ್ನು ಓದಿದ ರಾತ್ರಿಯೇ ನನ್ನ ಖರ್ಚಿನ ಲೆಕ್ಕ ಹಿಡಿದು ಕುಳಿತೆ. ಹುರಿದಾಗ ಬೀಜದ ತೂಕ ನೂರಕ್ಕೆ ಸುಮಾರು ಹದಿನೈದರಷ್ಟು ಇಳಿಯುತ್ತದೆ. ಆ ನಷ್ಟವನ್ನು ನಾನು ಕಾಲು ಕೆಜಿ ಪೊಟ್ಟಣದ ದರಕ್ಕೆ ಸೇರಿಸಿರಲೇ ಇಲ್ಲ! ಸೋಮವಾರದಿಂದ ಹೊಸ ದರ ಹಾಕಿದ್ದೇನೆ. ಈ ಪುಸ್ತಕ ಸೂಚಿಸಿದವರಿಗೆ ಹೃತ್ಪೂರ್ವಕ ಧನ್ಯವಾದಗಳು.