ಎಸ್‌ಟಿಪಿ ನೀರಿಗೆ ಹಾಕಿದ ಆರ್‌ಒ ಮೆಂಬ್ರೇನ್ ಮೂರು ವಾರಕ್ಕೇ ಕಟ್ಟಿಕೊಳ್ಳುತ್ತಿದೆ

ಪ್ರಶ್ನೆ (ತಾರಿಹಾಳ, ಹುಬ್ಬಳ್ಳಿ)

ನಮಸ್ಕಾರ. ತಾರಿಹಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ನೀರಿನ ವಿಭಾಗವನ್ನು ನೋಡಿಕೊಳ್ಳುತ್ತೇನೆ. ಕ್ಯಾಂಟೀನ್ ಮತ್ತು ಶೌಚಾಲಯಗಳ ಕೊಳಚೆ ನೀರು ಎಸ್‌ಟಿಪಿಯಲ್ಲಿ (ಕೊಳಚೆ ನೀರಿನ ಶುದ್ಧೀಕರಣ ಘಟಕ) ಶುದ್ಧವಾದ ಮೇಲೆ ಕ್ಲೋರಿನ್ ಬೆರೆಸಿ, ಮರಳಿನ ಫಿಲ್ಟರ್, ಕಾರ್ಬನ್ ಫಿಲ್ಟರ್, 5 ಮೈಕ್ರಾನ್ ಕಾರ್ಟ್ರಿಜ್ ದಾಟಿಸಿ ಆರ್‌ಒಗೆ (ಒತ್ತಡದಿಂದ ಮೆಂಬ್ರೇನ್ ಎಂಬ ಪೊರೆಯ ಮೂಲಕ ನೀರು ಹಾಯಿಸಿ ಲವಣ ತೆಗೆಯುವ ಘಟಕ) ಕೊಡುತ್ತೇವೆ. ಆ ನೀರು ಕೂಲಿಂಗ್ ಟವರ್‌ಗೆ ಹೋಗುತ್ತದೆ. ನಮ್ಮ ಬೋರ್‌ವೆಲ್ ನೀರು ಗಡಸಾಗಿರುವುದರಿಂದ ಈ ಘಟಕ ನಿಂತ ದಿನ ಟ್ಯಾಂಕರ್ ಕರೆಸದೆ ಗತಿಯಿಲ್ಲ. ಆರಂಭದಲ್ಲಿ ಮೂರು ತಿಂಗಳಿಗೊಮ್ಮೆ ರಾಸಾಯನಿಕದಿಂದ ತೊಳೆದರೆ ಸಾಕಾಗುತ್ತಿತ್ತು. ಈಗ ಮೂರು ವಾರಕ್ಕೇ ಒತ್ತಡ ಏರುತ್ತದೆ, ನೀರು ಇಳಿಯುತ್ತದೆ. ಘಟಕ ಕೂರಿಸಿದವರು ಮೆಂಬ್ರೇನ್ ಬದಲಿಸಿ ಎನ್ನುತ್ತಾರೆ. ಒಂಬತ್ತು ತಿಂಗಳಿಗೇ ಬದಲಿಸಬೇಕೆಂದರೆ ನನ್ನ ಮನಸ್ಸು ಒಪ್ಪುತ್ತಿಲ್ಲ. ಬಲ್ಲವರು ದಾರಿ ತೋರಿಸಬೇಕು.

ಉತ್ತರ (ಧಾರವಾಡ)

ಸರ್, ದಯವಿಟ್ಟು ಈಗಲೇ ಮೆಂಬ್ರೇನ್ ಬದಲಿಸಬೇಡಿ. ಕಾರಣ ಹಾಗೆಯೇ ಉಳಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಮೊದಲು ಒತ್ತಡದ ವ್ಯತ್ಯಾಸ ಎಲ್ಲಿ ಹೆಚ್ಚಿದೆ ಎಂಬುದನ್ನು ನೋಡಿ. ನೀರು ಒಳಹೋಗುವ ಮೊದಲ ಹಂತದಲ್ಲಿ ಏರಿದ್ದರೆ ಅದು ಸಾಮಾನ್ಯವಾಗಿ ಸೂಕ್ಷ್ಮಾಣುಗಳ ಲೋಳೆ ಅಥವಾ ತೇಲುವ ಸಣ್ಣ ಕಣಗಳ ಕೆಲಸ. ಕೊನೆಯ ಹಂತದಲ್ಲಿ ಏರಿದ್ದರೆ ಲವಣ ಗಟ್ಟಿಯಾಗಿ ಕೂತಿರುವ ಸಾಧ್ಯತೆ ಹೆಚ್ಚು, ಏಕೆಂದರೆ 75 ಶೇಕಡಾ ನೀರನ್ನು ತೆಗೆದುಕೊಂಡಾಗ ಉಳಿದ ನೀರಿನಲ್ಲಿ ಲವಣಗಳು ಸುಮಾರು ನಾಲ್ಕು ಪಟ್ಟು ಸಾಂದ್ರವಾಗುತ್ತವೆ.

ಎರಡನೆಯದಾಗಿ, ನೀರಿನಲ್ಲಿರುವ ಸಣ್ಣ ಕಣಗಳು ಪೊರೆಯನ್ನು ಎಷ್ಟು ಬೇಗ ಕಟ್ಟಿಸುತ್ತವೆ ಎಂದು ಅಳೆಯುವ ಎಸ್‌ಡಿಐ ಪರೀಕ್ಷೆಯನ್ನು ತಾವೇ ಮಾಡಿ. ಅದಕ್ಕೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. 0.45 ಮೈಕ್ರಾನ್ ರಂಧ್ರದ ಕಾಗದದ ಮೂಲಕ 30 ಪಿಎಸ್ಐ ಒತ್ತಡದಲ್ಲಿ ನೀರು ಹಾಯಿಸಿ, ಮೊದಲ 500 ಮಿಲಿ ಲೀಟರಿಗೆ ಎಷ್ಟು ಸೆಕೆಂಡು ಹಿಡಿಯಿತು, ಹದಿನೈದು ನಿಮಿಷದ ನಂತರ ಅಷ್ಟೇ ನೀರಿಗೆ ಎಷ್ಟು ಹಿಡಿಯಿತು ಎಂದು ಬರೆದುಕೊಳ್ಳಿ. ಮೊದಲು 30, ಆಮೇಲೆ 120 ಸೆಕೆಂಡು ಬಂದರೆ ಎಸ್‌ಡಿಐ 5. ಆರ್‌ಒ ತಯಾರಕರು ಸಾಮಾನ್ಯವಾಗಿ ಒಪ್ಪುವ ಗಡಿ ಅದೇ. ಕೊಳಚೆಯಿಂದ ಬಂದ ನೀರಿಗಂತೂ 3ರೊಳಗೆ ಇರಲೆಂದು ನಾನು ಬಯಸುತ್ತೇನೆ. ಕಾಗದವನ್ನು ಎಸೆಯದೆ ತಾರೀಖು ಬರೆದು ಪುಸ್ತಕಕ್ಕೆ ಅಂಟಿಸಿಡಿ. ನಮ್ಮಲ್ಲಿ ಮರಳಿನ ಫಿಲ್ಟರ್ ಮಾತ್ರ ಇದ್ದಾಗ ಆ ಕಾಗದ ಚಹಾದ ಬಣ್ಣಕ್ಕೆ ತಿರುಗಿ, ಬೆರಳಿಗೆ ಜಾರುವಂತಿರುತ್ತಿತ್ತು. ಆರ್‌ಒಗೆ ಮೊದಲು ಯುಎಫ್ (ಅಲ್ಟ್ರಾಫಿಲ್ಟ್ರೇಷನ್ ಎಂಬ ಪೊರೆಯ ಫಿಲ್ಟರ್) ಹಾಕಿದ ಮೇಲೆ ಸಮಯ 30 ರಿಂದ 40 ಸೆಕೆಂಡಿಗೆ ಮಾತ್ರ ಏರುತ್ತದೆ, ಕಾಗದ ಹೆಚ್ಚುಕಡಿಮೆ ಬಿಳಿಯಾಗಿಯೇ ಉಳಿಯುತ್ತದೆ. ಯುಎಫ್ ಪೊರೆಯ ರಂಧ್ರಗಳು ಮೈಕ್ರಾನ್‌ನ ನೂರನೆಯ ಒಂದು ಭಾಗದಿಂದ ಹತ್ತನೆಯ ಒಂದು ಭಾಗದವರೆಗೆ ಇರುತ್ತವೆ, ಆದ್ದರಿಂದ ಬ್ಯಾಕ್ಟೀರಿಯಾ ದಾಟುವುದು ಕಷ್ಟ. ಕರಗಿದ ಲವಣವನ್ನು ಮಾತ್ರ ಅದು ತಡೆಯುವುದಿಲ್ಲ, ಆ ಕೆಲಸ ಆರ್‌ಒದ್ದು.

ಉತ್ತರ (ಗದಗ)

ಮೇಲಿನವರ ಮಾತಿಗೆ ನನ್ನದೊಂದು ಸೇರ್ಪಡೆ. ನನಗೆ ಅನುಮಾನ ಇರುವುದು ತಮ್ಮ ಕಾರ್ಬನ್ ಫಿಲ್ಟರ್ ಮೇಲೆ. ಅದು ಕ್ಲೋರಿನ್ ಅನ್ನು ಹೀರಿ ಆರ್‌ಒ ಪೊರೆಯನ್ನು ಕಾಪಾಡುತ್ತದೆ ನಿಜ, ಆದರೆ ಅಲ್ಲಿಂದ ಮುಂದೆ ಸೂಕ್ಷ್ಮಾಣುಗಳನ್ನು ತಡೆಯುವುದು ಏನೂ ಉಳಿಯುವುದಿಲ್ಲ. ಕೊಳಚೆಯಿಂದ ಬಂದ ಪೋಷಕಾಂಶ ಆ ಹಾಸಿನಲ್ಲೇ ಸೇರುವುದರಿಂದ ಬ್ಯಾಕ್ಟೀರಿಯಾ ಅಲ್ಲಿ ಬೆಳೆದು ಸ್ವಲ್ಪಸ್ವಲ್ಪವಾಗಿ ಮುಂದಕ್ಕೆ ಹೋಗುತ್ತವೆ. ಕಾರ್ಟ್ರಿಜ್ ಬದಲಿಸುವಾಗ ಒಳಗೋಡೆಯನ್ನು ಮುಟ್ಟಿ ನೋಡಿ, ಲೋಳೆ ಇದ್ದರೆ ಕೈಗೆ ತಿಳಿಯುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ 2008 ರಿಂದ ಕೊಳಚೆ ನೀರನ್ನು ಮೈಕ್ರೋಫಿಲ್ಟ್ರೇಷನ್, ಆರ್‌ಒ ಮತ್ತು ಅತಿನೇರಳೆ ಬೆಳಕಿನ ಮೂಲಕ ಶುದ್ಧೀಕರಿಸಿ ಅಂತರ್ಜಲಕ್ಕೆ ಸೇರಿಸುತ್ತಿದ್ದಾರೆ. ಅಲ್ಲಿ ಪೊರೆಗಳ ಮೇಲೆ ಲೋಳೆ ಬೆಳೆಯದಂತೆ ನೀರಿನಲ್ಲಿ ಕ್ಲೋರಮೈನ್ (ಕ್ಲೋರಿನ್ ಮತ್ತು ಅಮೋನಿಯಾ ಸೇರಿ ಆಗುವ ವಸ್ತು) ಉಳಿಸಿಕೊಳ್ಳುತ್ತಾರೆ. ಆರ್‌ಒದ ಪಾಲಿಅಮೈಡ್ ಪೊರೆ ಮುಕ್ತ ಕ್ಲೋರಿನ್‌ಗಿಂತ ಕ್ಲೋರಮೈನ್ ಅನ್ನು ಬಹಳ ಚೆನ್ನಾಗಿ ತಾಳಿಕೊಳ್ಳುತ್ತದೆ. ತಮ್ಮ ಎಸ್‌ಟಿಪಿ ನೀರಿನಲ್ಲಿ ಅಮೋನಿಯಾ ಉಳಿದಿದ್ದರೆ ಕ್ಲೋರಿನ್ ಹಾಕಿದಾಗ ಕ್ಲೋರಮೈನ್ ತಾನಾಗಿ ಆಗುತ್ತದೆ. ಅಮೋನಿಯಾ ಪೂರ್ತಿ ನೈಟ್ರೇಟ್ ಆಗಿದ್ದರೆ ಮುಕ್ತ ಕ್ಲೋರಿನ್ನೇ ಉಳಿಯುತ್ತದೆ, ಅದು ಪೊರೆಯನ್ನು ಸುಟ್ಟೀತು. ಇದನ್ನು ಅಳೆಯದೆ ಏನನ್ನೂ ಬದಲಿಸಬಾರದು.

ಮತ್ತೆ ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಮೊದಲ ಹಂತದಲ್ಲೇ ಒತ್ತಡ ಏರಿದೆ. ಮರಳಿನ ಫಿಲ್ಟರ್ ಆದ ಮೇಲೆ ಎಸ್‌ಡಿಐ 5 ಬಂದರೆ, ಕಾರ್ಬನ್ ಆದ ಮೇಲೆ ಹತ್ತು ನಿಮಿಷಕ್ಕೇ ಕಾಗದ ಕಟ್ಟಿತು. ಕಾರ್ಟ್ರಿಜ್ ಬುಡದಲ್ಲಿ ಕಂದು ಲೋಳೆ ಕೈಗೆ ಅಂಟಿತು. ಎಸ್‌ಟಿಪಿ ನೀರಿನಲ್ಲಿ ಅಮೋನಿಯಾ ಇಲ್ಲವೇ ಇಲ್ಲ.

ಉತ್ತರ (ಧಾರವಾಡ)

ಹಾಗಾದರೆ ಕಾರಣ ಸ್ಪಷ್ಟವಾಗಿದೆ. ಕಾರ್ಬನ್ ಅನ್ನು ಬಿಟ್ಟು ನೀರು ಹರಿಯುವಂತೆ ಮಾಡಿ. ಅದಕ್ಕೂ ಮೊದಲು ಆರ್‌ಒಗೆ ತೀರಾ ಹತ್ತಿರದಲ್ಲಿ, ಉಳಿದ ಕ್ಲೋರಿನ್ ಅನ್ನು ಇಲ್ಲವಾಗಿಸುವ ಸೋಡಿಯಂ ಬೈಸಲ್ಫೈಟ್ ಹಾಕುವ ವ್ಯವಸ್ಥೆ ಸಿದ್ಧವಿರಬೇಕು. ಆ ಪಂಪು ನಿಂತರೆ ಆರ್‌ಒ ಕೂಡ ತಾನಾಗಿ ನಿಲ್ಲುವಂತೆ ಜೋಡಿಸಿ, ಏಕೆಂದರೆ ಕ್ಲೋರಿನ್ ಸುಟ್ಟ ಪೊರೆ ತೊಳೆದರೆ ಸರಿಹೋಗುವುದಿಲ್ಲ. ತೊಳೆಯುವಾಗ ಕ್ಷಾರದ್ರಾವಣದಿಂದಲೇ ಆರಂಭಿಸಿ, ಆಮ್ಲ ಆಮೇಲೆ. ಲೋಳೆಯ ಮೇಲೆ ಮೊದಲೇ ಆಮ್ಲ ಬಿದ್ದರೆ ಅದು ಗಟ್ಟಿಯಾಗಿ ಕೂರಬಹುದು. ತೊಳೆದ ಮೇಲೆ ಬಂದ ನೀರಿನ ಪ್ರಮಾಣವನ್ನು 25 ಡಿಗ್ರಿಗೆ ಲೆಕ್ಕ ಹಾಕಿ ಬರೆದಿಡಿ, ನೀರು ಒಂದು ಡಿಗ್ರಿ ತಣ್ಣಗಾದರೆ ಸುಮಾರು 3 ಶೇಕಡಾ ಕಡಿಮೆ ಬರುವುದು ಸಹಜ. ಯುಎಫ್‌ಗೆ ಹಣ ಕೇಳಲು ಮೇಲಧಿಕಾರಿಗಳ ಬಳಿ ಹೋಗುವಾಗ ಕಾಗದ ಅಂಟಿಸಿದ ಆ ಪುಸ್ತಕವನ್ನು ಜೊತೆಗೆ ಒಯ್ಯಿರಿ.